ನಿಲಯ ಬಿಟ್ಟ ಮಕ್ಕಳಿಗೆ ಕಾಯಕದ ಆಸರೆ



ರೈತನಾದವನು ಮಡಿಯಲ್ಲಿ ಬೆಳೆಸಿದ ಬತ್ತದ ಸಸಿಯನ್ನು ಕಿತ್ತು ಗದ್ದೆಗೆ ನಾಟಿ ಮಾಡುತ್ತಾನೆ. ನಾಟಿ ಮುಗಿಯಿತೆಂದು ಅಂದೇ ಕೈ ತೊಳೆದುಕೊಳ್ಳುವುದಿಲ್ಲ. ಸಸಿ ಬೇರು ಹಿಡಿಯುವವರೆಗೆ ನೀರು ನಿಂತಿದೆಯೇ, ಬದು ಒಡೆದಿದೆಯೇ ಎಂದು ದಿನವೂ ಹೋಗಿ ನೋಡುತ್ತಾನೆ. ಸಸಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಮಕ್ಕಳ ವಿಷಯದಲ್ಲಿ ಹಾಗಿದ್ದೇವೆಯೇ? ಇಂದು ವಿಚಾರ ಮಾಡಬೇಕಾದುದು ಇದನ್ನೇ.

ತಂದೆತಾಯಿಗಳಿಲ್ಲದ ಮಕ್ಕಳು, ಇದ್ದೂ ಸಾಕಲಾರದ ಮನೆಗಳ ಮಕ್ಕಳು ಸರಕಾರದ ಬಾಲಮಂದಿರಗಳಲ್ಲಿ, ಸಂಘಸಂಸ್ಥೆಗಳ ನಿಲಯಗಳಲ್ಲಿ ಬೆಳೆಯುತ್ತಾರೆ. ಅಲ್ಲಿ ಊಟವಿದೆ, ಬಟ್ಟೆಯಿದೆ, ಶಾಲೆಯಿದೆ. ಆದರೆ 18 ವರ್ಷ ತುಂಬಿದ ದಿನ ಕಾನೂನಿನ ಕಣ್ಣಿಗೆ ಆ ಮಗು ಮಗುವಲ್ಲ. ಮಠದ ಪ್ರಸಾದನಿಲಯದಲ್ಲಿ ಓದುವ ಹುಡುಗನಿಗೆ ಸಾಮಾನ್ಯವಾಗಿ ರಜೆಯಲ್ಲಿ ಹೋಗಲು ಒಂದು ಊರಿದೆ, ಸೋತು ಬಂದರೆ ತೆರೆಯುವ ಒಂದು ಬಾಗಿಲಿದೆ. ಬಾಲಮಂದಿರ ಬಿಟ್ಟ ಅನೇಕರಿಗೆ ಆ ಬಾಗಿಲೇ ಇಲ್ಲ. ನಿಮ್ಮ ಮಗನಿಗೆ 18 ತುಂಬಿತೆಂದು ಅವನ ಗಂಟುಮೂಟೆ ಕಟ್ಟಿ ಹೊರಗಿಡುತ್ತೀರಾ?

ಕಾನೂನು ಈ ಮಕ್ಕಳನ್ನು ಪೂರ್ತಿ ಮರೆತಿಲ್ಲ. ನಿಲಯ ಬಿಡುವವರು ಸಮಾಜದಲ್ಲಿ ನೆಲೆಗೊಳ್ಳಲು ಹಣಕಾಸಿನ ನೆರವು ಕೊಡಬಹುದೆಂದು 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು ಹೇಳುತ್ತದೆ. 2016ರ ಮಾದರಿ ನಿಯಮಗಳು ಈ ಅನುಪಾಲನೆಯನ್ನು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23 ವರ್ಷದವರೆಗೆ ಕೊಡಲು ಅವಕಾಶ ಮಾಡಿವೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ತಿಂಗಳಿಗೆ 4000 ರೂಪಾಯಿ ಗೊತ್ತುಮಾಡಿದ್ದಾರೆ. ಇದೆಲ್ಲ ಒಳ್ಳೆಯದೇ. ಆದರೆ ಹಣವು ಹಸಿವನ್ನು ಕಳೆಯಬಹುದು. ಕೈಗೆ ಕಸುಬನ್ನು ಕಲಿಸಲಾರದು. ಕಸುಬು ಕಲಿಸಬೇಕಾದವರು ಅಂಗಡಿ, ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳನ್ನು ನಡೆಸುವ ನೀವು.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಬಡವರಾಗಿದ್ದರೂ ಅವರು ದೀನರಾಗಿರಲಿಲ್ಲ. ತಮ್ಮ ಕೈಯ ಗಳಿಕೆ ಅವರ ಗೌರವವಾಗಿತ್ತು. ಈ ಮಕ್ಕಳಿಗೂ ನಮ್ಮ ಕನಿಕರದ ಮೂಟೆ ಬೇಡ, ಕಾಯಕದ ಹಿಡಿ ಅಕ್ಕಿ ಬೇಕು. ಹಬ್ಬದ ದಿನ ನಿಲಯಕ್ಕೆ ಹೋಗಿ ಹೋಳಿಗೆ ಬಡಿಸಿ ಬರುವುದು ಸುಲಭ. ಒಬ್ಬ ಹುಡುಗನನ್ನು, ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ವರ್ಷ ಕೆಲಸ ಕಲಿಸುವುದು ಕಷ್ಟ. ಅದೇ ನಿಜವಾದ ದಾಸೋಹ.

ಇದಕ್ಕೆ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕರಾರು ಮಾಡಿಕೊಂಡು, ಶಿಷ್ಯವೇತನ ಕೊಟ್ಟು ಕೆಲಸ ಕಲಿಸಬಹುದು. 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ನೂರಕ್ಕೆ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಹೇಗೂ ತೆಗೆದುಕೊಳ್ಳಬೇಕಾದವರಲ್ಲಿ ಒಂದು ಸ್ಥಾನವನ್ನು ಇಂಥ ಮಗುವಿಗೆ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ಆದರೆ ಕೆಲವು ಮಾತು ನೆನಪಿರಲಿ. ಕಲಿಯಲು ಬಂದವನನ್ನು ಚಹಾ ತರುವುದಕ್ಕೆ, ಕಸ ಗುಡಿಸುವುದಕ್ಕೆ ಇಟ್ಟುಕೊಂಡರೆ ಅದು ತರಬೇತಿಯಲ್ಲ, ಆ ಮಗುವಿನ ಒಂದು ವರ್ಷದ ಕಳವು. ಮೊದಲ ತಿಂಗಳ ಹಣ ಕೈಗೆ ಬರುವ ಮೊದಲೇ ಬಸ್ಸಿನ ಖರ್ಚು, ಊಟ, ಕೋಣೆಯ ಬಾಡಿಗೆ ಬರುತ್ತವೆ. ಅದಕ್ಕೆ ಮುಂಗಡ ಕೊಡಿ. ವಿಳಾಸ ಕೇಳಿದರೆ, ಜಾಮೀನು ಕೇಳಿದರೆ ಆ ಮಗು ತಲೆ ತಗ್ಗಿಸುತ್ತದೆ. ಊರಿನ ಹಿರಿಯರೊಬ್ಬರು ಜಾಮೀನಾಗಿ ನಿಲ್ಲಿ. ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವರಿಗೆ ತಮ್ಮ ದಿನವನ್ನು ತಾವೇ ನಡೆಸುವುದು ಹೊಸದು. ಎರಡು ದಿನ ತಡವಾಗಿ ಬಂದರೆ ಕಾರಣ ಕೇಳಿ. ಕೂಡಲೇ ಬಾಗಿಲು ತೋರಿಸಬೇಡಿ. ಬಾಗಿಲು ಮುಚ್ಚುವುದನ್ನು ಆ ಮಕ್ಕಳು ಆಗಲೇ ಸಾಕಷ್ಟು ನೋಡಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಜನರ ಮುಂದೆ 'ಇವನು ಅನಾಥ' ಎಂದು ಪರಿಚಯಿಸಬೇಡಿ. 'ಇವನು ನಮ್ಮಲ್ಲಿ ಕೆಲಸ ಕಲಿಯುತ್ತಿದ್ದಾನೆ' ಎನ್ನಿ.

ಕಾಯಕಕ್ಕೆ ಕುಲವಿಲ್ಲ, ಹುಟ್ಟಿನ ವಿಚಾರಣೆಯಿಲ್ಲ ಎಂದು ಶರಣರು ನಡೆದು ತೋರಿಸಿದರು. ಅದನ್ನು ವೇದಿಕೆಯ ಮೇಲೆ ಹೇಳುವುದು ನಮಗೆ ರೂಢಿಯಾಗಿದೆ. ಇನ್ನು ಅದು ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಕಾಣಬೇಕು. ಇಲ್ಲಿ ಕುಳಿತ ಉದ್ಯಮಿಗಳು ತಲಾ ಒಂದು ಮಗುವಿಗೆ ಒಂದು ವರ್ಷ ಕೆಲಸ ಕಲಿಸುವ ಸಂಕಲ್ಪ ಮಾಡಿರಿ. ಅಂಥ ಸದ್ಬುದ್ಧಿಯು ನಿಮ್ಮೆಲ್ಲರಲ್ಲಿ ಮೂಡಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.