ಟ್ರಿಗರ್ ಮೇಲಿನ ಬೆರಳು



2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಒಂದು ಒಬ್ಬರೇ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆಗೂಡಿ. 25 ಮೀಟರ್ ಸ್ಪರ್ಧೆಯಲ್ಲಿ ಅವರು ಹಿಡಿದದ್ದು ಬೇರೆಯೇ ಪಿಸ್ತೂಲು. ಟಿ.ವಿ.ಯಲ್ಲಿ ನೋಡುವ ನನ್ನಂಥ ಹೊಸಬರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅವುಗಳ ಒಳಗೆ ಏನು ನಡೆಯುತ್ತದೆಂದು ತಿಳಿದುಕೊಂಡ ಮೇಲೆಯೇ ನನಗೆ ಈ ಆಟದ ರುಚಿ ಹತ್ತಿದ್ದು.

ಏರ್ ಪಿಸ್ತೂಲಿನಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ನಳಿಗೆಯ ಕೆಳಗಿನ ಸಣ್ಣ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಟ್ರಿಗರ್ ಎಳೆದಾಗ ಪುಟ್ಟ ಸುತ್ತಿಗೆಯೊಂದು ಕವಾಟಕ್ಕೆ ಬಡಿಯುತ್ತದೆ. ಅಳತೆಯಷ್ಟೇ ಗಾಳಿ ನುಗ್ಗಿ, ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು ತಳ್ಳುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರ್. ನಿಂತು, ಒಂದೇ ಕೈಯಲ್ಲಿ ಹೊಡೆಯಬೇಕು. ಟ್ರಿಗರ್ ಕಡೇಪಕ್ಷ 500 ಗ್ರಾಂ ತೂಕವನ್ನಾದರೂ ತಡೆದು ನಿಲ್ಲಬೇಕೆಂಬುದು ನಿಯಮ. ಅದು ಎರಡು ಹಂತದಲ್ಲಿ ಚಲಿಸುತ್ತದೆ: ಮೊದಲು ಸಲೀಸಾಗಿ ಹಿಂದೆ ಬಂದು, ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದಾಚೆಗಿನ ಒತ್ತಡವನ್ನು ಬೆರಳು ಎಷ್ಟು ಮೆಲ್ಲಗೆ ಏರಿಸುತ್ತದೆ ಎಂಬುದರಲ್ಲೇ ಇದೆ ಇಡೀ ಕಲೆ. ಗುಂಡು ನಳಿಗೆ ದಾಟುವ ಮೊದಲು ಮಣಿಕಟ್ಟು ಚೂರು ಅಲುಗಿದರೂ ಗುರಿಹಲಗೆಯಲ್ಲಿ ಅದು ಗೊತ್ತಾಗುತ್ತದೆ. ಅದಕ್ಕೇ ಶೂಟರ್‌ಗಳು ಹೊಡೆದ ಕೂಡಲೇ ಕೈ ಇಳಿಸುವುದಿಲ್ಲ.

25 ಮೀಟರಿನದು ಪಾಯಿಂಟ್ ಟೂ ಟೂ ಇಂಚು ನಳಿಗೆಯ ಪಿಸ್ತೂಲು. ಪಿನ್ನು ಕಾಡತೂಸಿನ ಅಂಚಿಗೆ ಬಡಿದಾಗ ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೂ ಖಾಲಿ ಕೋಶವನ್ನು ಹಿಂದಕ್ಕೂ ದೂಡುತ್ತದೆ. ಕೋಶ ಹೊರಕ್ಕೆ ಹಾರುತ್ತದೆ, ಸ್ಪ್ರಿಂಗ್ ಮುಂದಿನ ಕಾಡತೂಸನ್ನು ಒಳಗೆ ಸೇರಿಸುತ್ತದೆ. ಇಲ್ಲಿ ಟ್ರಿಗರ್‌ನ ಕನಿಷ್ಠ ತೂಕ 1000 ಗ್ರಾಂ. ಪುರುಷರ ರ್‍ಯಾಪಿಡ್ ಫೈರ್ ಸ್ಪರ್ಧೆಯ ಕಡೆಯ ಸುತ್ತುಗಳಲ್ಲಿ ನಾಲ್ಕೇ ಸೆಕೆಂಡಿಗೆ ಐದು ಗುರಿಗಳಿಗೆ ಐದು ಗುಂಡು! ಪ್ರತಿ ಗುಂಡಿಗೂ ಮೇಲೇಳುವ ನಳಿಗೆಯನ್ನು ಪಕ್ಕದ ಗುರಿಯ ಮೇಲೇ ಇಳಿಸಬೇಕು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ.

ಇನ್ನು 50 ಮೀಟರಿನ ಫ್ರೀ ಪಿಸ್ತೂಲು. ಒಂದು ಸಲಕ್ಕೆ ಒಂದೇ ಗುಂಡು. ಟ್ರಿಗರ್‌ಗೆ ಕನಿಷ್ಠ ತೂಕವೇ ಇಲ್ಲ, ಮುಟ್ಟಿದರೆ ಸಾಕು ಅನ್ನುವಷ್ಟು ಹಗುರ. ರಿಯೊ ಒಲಿಂಪಿಕ್ಸ್ ನಂತರ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ನನಗದು ನಷ್ಟವೆಂದೇ ಅನ್ನಿಸುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಏರ್ ಪಿಸ್ತೂಲಿನಲ್ಲಿ, 2016ರಲ್ಲಿ ರಿಯೊದಲ್ಲಿ ಸ್ಪರ್ಧಿಸಿದ್ದು ಈ ಫ್ರೀ ಪಿಸ್ತೂಲಿನಲ್ಲಿ. ಅರ್ಧ ಕಿಲೋ ಎಳೆಯುವುದಕ್ಕೆ ಪಳಗಿದ ಬೆರಳನ್ನೇ ಅವರು ಅಷ್ಟು ಹಗುರ ಟ್ರಿಗರ್‌ಗೂ ಪಳಗಿಸಬೇಕಿತ್ತು.