ಒಂದು ತೂಬು, ಎರಡು ಗದ್ದೆ
(ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಆರಿಸಿಕೊಂಡ ವಿಷಯ ಚಿಕ್ಕದು. ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ, ಇಂಟರ್‌ನೆಟ್ ಸಂಪರ್ಕ ಒಂದೇ ಇದೆ. ಅದನ್ನು ಎರಡಕ್ಕೂ ಹಂಚುವುದು ಹೇಗೆ? ಐವತ್ತು ವರ್ಷದ ಹಬ್ಬದಲ್ಲಿ ಇದೆಂಥ ಮಾತು ಎಂದು ಕೆಲವರಿಗೆ ಅನಿಸಬಹುದು. ಆದರೆ ಅಣ್ಣನ ಪರೀಕ್ಷೆ ಅರ್ಜಿ ಮತ್ತು ತಂಗಿಯ ಪಾಠ ಒಂದೇ ಗಳಿಗೆಗೆ ಬಂದ ಮನೆಯಲ್ಲಿ ಇದು ಚಿಕ್ಕ ಮಾತಲ್ಲ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದು ಟೆಲಿಫೋನ್ ತಂತಿಯಲ್ಲೇ ಬರುತ್ತಿತ್ತು. ನೆಟ್ ಹಚ್ಚಿದರೆ ಫೋನ್ ಬಂದ್. ನಮ್ಮ ಭಾಗದಲ್ಲಿ ಹಂಚಿಕೆಯನ್ನು ಮನೆಗಳಿಗಿಂತ ಮೊದಲು ಕಲಿತದ್ದು ಹಂಪಿ ಬಜಾರಿನ ಅಂಗಡಿಗಳು. ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ಪ್ರವಾಸಿಗರಿಗಾಗಿ ಇಂಟರ್‌ನೆಟ್ ಎಂಬ ಬೋರ್ಡುಗಳು ತೂಗುತ್ತಿದ್ದ ಕಾಲವನ್ನು ಇಲ್ಲಿ ಕುಳಿತ ಹಲವರು ನೋಡಿದ್ದೀರಿ. 2011ರ ಜುಲೈ ಕೊನೆಯಲ್ಲಿ ಬಜಾರಿನ ಮನೆ, ಅಂಗಡಿಗಳು ತೆರವಾದವು, ಆ ಬೋರ್ಡುಗಳೂ ಹೋದವು. ಆದರೆ ಒಂದು ತಂತಿಯಿಂದ ನಾಲ್ಕು ಯಂತ್ರ ನಡೆಸುವ ಆ ವಿದ್ಯೆ ಈಗ ಪ್ರತಿ ಮನೆಗೂ ಬೇಕಾಗಿದೆ.

ಮೊದಲು ವಿಳಾಸದ ಲೆಕ್ಕ ತಿಳಿಯೋಣ. ಇಂಟರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಹಳೆಯ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳಿವೆ. ಲೋಕದ ಯಂತ್ರಗಳಿಗೆ ಅವು ಸಾಲವು. ಅದಕ್ಕಾಗಿ ಕೆಲವು ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. 192.168 ಎಂದು ಶುರುವಾಗುವ ವಿಳಾಸಗಳು ಅಂಥವು. ಅವು ನಿಮ್ಮ ಮನೆಯಲ್ಲೂ ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು, ಹೊರಗೆ ನಡೆಯುವುದಿಲ್ಲ.

ಶಾಲೆಗೆ ಬರುವ ಅಂಚೆಯನ್ನು ನೆನೆಯಿರಿ. ಹೊರಗಿನವರಿಗೆ ಶಾಲೆಯ ವಿಳಾಸ ಒಂದೇ. ಯಾವ ತರಗತಿಯಿಂದ ಯಾವ ಪತ್ರ ಹೋಯಿತು ಎಂದು ಆಫೀಸಿನಲ್ಲಿ ಬರೆದಿಟ್ಟುಕೊಂಡರೆ, ಉತ್ತರ ಬಂದಾಗ ಜವಾನ ಅದನ್ನು ಸರಿಯಾದ ತರಗತಿಗೆ ಮುಟ್ಟಿಸುತ್ತಾನೆ. ಮನೆಯಲ್ಲಿ ಈ ಆಫೀಸಿನ ಕೆಲಸ ಮಾಡುವುದೇ ರೂಟರ್ ಎಂಬ ಡಬ್ಬಿ.

ರೂಟರ್ ಇಲ್ಲದ ಕಾಲದಲ್ಲಿ ಈ ಕೆಲಸವನ್ನು ಒಂದು ಕಂಪ್ಯೂಟರೇ ಮಾಡುತ್ತಿತ್ತು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಸೇರಿಸಿದರು. ಮೊದಲ ಕಂಪ್ಯೂಟರಿಗೆ ಫೋನಿನ ತಂತಿ. ಅದರಿಂದ ಎರಡನೆಯದಕ್ಕೆ ಕ್ರಾಸ್‌ಓವರ್ ಕೇಬಲ್, ಅಂದರೆ ಒಂದು ಕಡೆಯ ಕಳಿಸುವ ತಂತಿ ಇನ್ನೊಂದು ಕಡೆಯ ಪಡೆಯುವ ತಂತಿಗೆ ಸೇರುವಂತೆ ತಿರುವಿದ ಕೇಬಲ್. ಮೊದಲ ಯಂತ್ರಕ್ಕೆ 192.168.0.1 ಎಂಬ ವಿಳಾಸ. ಕೆಲಸ ನಡೆಯುತ್ತಿತ್ತು, ಆದರೆ ಒಂದು ತೊಡಕು: ಅಣ್ಣ ತನ್ನ ಕಂಪ್ಯೂಟರ್ ಆರಿಸಿದರೆ ತಂಗಿಯ ನೆಟ್ಟೂ ಆರುತ್ತಿತ್ತು. ಕೀಲಿ ಒಬ್ಬರ ಕೈಯಲ್ಲೇ ಉಳಿಯುತ್ತಿತ್ತು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಆಮೇಲೆ ಮೋಡೆಮ್, ರೂಟರ್, ವೈಫೈ ಮೂರೂ ಒಂದೇ ಡಬ್ಬಿಗೆ ಬಂದವು. ಈಗ ಎರಡು ಕಂಪ್ಯೂಟರೂ ಸಮಾನ; ಯಾವುದನ್ನು ಆರಿಸಿದರೂ ಇನ್ನೊಂದು ನಡೆಯುತ್ತದೆ. ನನ್ನ ಸಲಹೆ ಇದೇ ಪದ್ಧತಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದಲೂ ಹಂಚಬಹುದು. ಆದರೆ ಫೋನ್ ಕಾಯುತ್ತದೆ, ದಿನದ ಡೇಟಾ ಬೇಗ ಮುಗಿಯುತ್ತದೆ, ಅಪ್ಪ ಫೋನ್ ಹಿಡಿದು ಹೊಲಕ್ಕೆ ಹೋದರೆ ನೆಟ್ಟೂ ಹೊಲಕ್ಕೆ ಹೋಗುತ್ತದೆ.

ಕೆಲವು ಉಪಯೋಗದ ಮಾತು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ವೈಫೈಗೆ ದೊಡ್ಡ ಅಡ್ಡಿ. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿಡಿ. ಕಬ್ಬಿಣದ ಬೀರುವಿನೊಳಗೆ ಇಡಬೇಡಿ. ಒಂದೇ ಜಾಗದಲ್ಲಿರುವ ಕಂಪ್ಯೂಟರಿಗೆ ಕೇಬಲ್ಲೇ ಲೇಸು. ಅದು 100 ಮೀಟರ್‌ವರೆಗೆ ಸಲೀಸಾಗಿ ಹೋಗುತ್ತದೆ. ಒಂದು ಕಂಪ್ಯೂಟರಿಗೆ ಮಾತ್ರ ನೆಟ್ ಇಲ್ಲದಿದ್ದರೆ ಮೊದಲು ಮನೆಯೊಳಗೆ ಹುಡುಕಿ: ಕೇಬಲ್ ಸಡಿಲವಾಗಿದೆಯೇ, ವೈಫೈ ಆರಿದೆಯೇ ನೋಡಿ. ಆ ಯಂತ್ರದ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ ಎಂದರ್ಥ. ಎರಡಕ್ಕೂ ಇಲ್ಲದಿದ್ದರೆ ರೂಟರನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ. ಆಗಲೂ ಬಾರದಿದ್ದರೆ ಕಂಪನಿಗೆ ಫೋನ್ ಮಾಡಿ.

ರೂಟರ್ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಸಂಪರ್ಕ ಯಾರ ಹೆಸರಿನಲ್ಲಿದೆಯೋ, ಅದರಿಂದ ತಪ್ಪು ಕೆಲಸ ನಡೆದರೆ ಮೊದಲ ಪ್ರಶ್ನೆ ಅವರಿಗೇ ಬರುತ್ತದೆ. ಉಪ್ಪು, ಹೆಪ್ಪು ಕೊಟ್ಟಂತೆ ಪಾಸ್‌ವರ್ಡ್ ಕೊಡಬಾರದು.

ಇನ್ನು ನ್ಯಾಯದ ಮಾತು. 40 ಎಂಬಿಪಿಎಸ್ ಸಂಪರ್ಕ ಎಂದರೆ ಸೆಕೆಂಡಿಗೆ 5 ಮೆಗಾಬೈಟ್. 600 ಮೆಗಾಬೈಟಿನ ಫೈಲು ಒಬ್ಬರಿಗೇ ಆದರೆ 2 ನಿಮಿಷ. ಇಬ್ಬರೂ ಅಂಥ ಫೈಲು ಒಟ್ಟಿಗೆ ಇಳಿಸಿಕೊಂಡರೆ 4 ನಿಮಿಷ. ಹಂಚಿಕೊಂಡರೆ ನೀರು ಹೆಚ್ಚುವುದಿಲ್ಲ. ಇದನ್ನು ಕಾಲುವೆ ಕೆಳಗಿನ ನಮಗೆ ಯಾರೂ ಕಲಿಸಬೇಕಿಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನಮ್ಮ ಭತ್ತ, ಬಾಳೆಗೆ ನೀರುಣಿಸುತ್ತಿವೆ. ಮೇಲಿನ ಗದ್ದೆಯವನು ತೂಬು ತೆರೆದೇ ಇಟ್ಟರೆ ಕೊನೆಯ ಗದ್ದೆ ಒಣಗುತ್ತದೆ. ಅದಕ್ಕೇ ಹಿರಿಯರು ಸರದಿ ಮಾಡಿದರು, ನೀರುಗಂಟಿಯನ್ನು ಇಟ್ಟರು.

ಮನೆಯ ಇಂಟರ್‌ನೆಟ್ಟಿನಲ್ಲಿ ಕೊನೆಯ ಗದ್ದೆ ಯಾರದು? ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಗಳದು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಇದು ಕಣ್ಣಿಗೆ ಕಂಡಿತು. ನಮ್ಮ ಶಿಕ್ಷಕರು ವಿದ್ಯಾಗಮದಲ್ಲಿ ಗುಡಿಕಟ್ಟೆ, ಮರದ ನೆರಳಿಗೆ ಬಂದು ಪಾಠ ಹೇಳಿದ್ದು ಏಕೆ? ಎಷ್ಟೋ ಮನೆಗಳಲ್ಲಿ ನೆಟ್ ಇರಲಿಲ್ಲ. ಇದ್ದ ಮನೆಯಲ್ಲೂ ಎಲ್ಲ ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ. ತಂತಿ ಎಳೆಯುವುದು ಅರ್ಧ ತಾಸಿನ ಕೆಲಸ; ಸರದಿ ಕಟ್ಟುವುದು ಮನಸ್ಸಿನ ಕೆಲಸ. ಪಾಠ, ಅರ್ಜಿ, ಪರೀಕ್ಷೆ ಮೊದಲು. ಸಿನಿಮಾ, ಆಟ, ದೊಡ್ಡ ಡೌನ್‌ಲೋಡು ರಾತ್ರಿ ಊಟದ ನಂತರ. ಇದನ್ನು ಒಂದು ಹಾಳೆಯಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ವಾರಕ್ಕೊಬ್ಬರು ಮನೆಯ ನೀರುಗಂಟಿಯಾಗಲಿ. ಒಮ್ಮೆ ತಂಗಿಯೂ ಆಗಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಕೆಲಸ ಬಲ್ಲವರು ನಮ್ಮಲ್ಲಿ ಅನೇಕರಿದ್ದೀರಿ. ರಜೆಗೆ ಊರಿಗೆ ಬಂದಾಗ ಒಂದು ಶನಿವಾರ ಶಾಲೆಗೆ ಬನ್ನಿ. ಹತ್ತನೇ ತರಗತಿಯ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಕೇಬಲ್ಲಿಗೆ ಪಿನ್ನು ಹಾಕುವುದನ್ನು, ರೂಟರ್ ಜೋಡಿಸುವುದನ್ನು ಅವರ ಕೈಯಿಂದಲೇ ಮಾಡಿಸಿ. ಮನೆಯ ನೆಟ್ಟನ್ನು ತಾನೇ ಜೋಡಿಸಿದ ಹುಡುಗಿಗೆ, ನಿನ್ನ ಸರದಿ ಆಮೇಲೆ ಎಂದು ಹೇಳುವುದು ಅಷ್ಟು ಸುಲಭವಲ್ಲ.