ಗಾಳದ ರಾಟೆಯೂ ಹೆಬ್ಬೆರಳೂ

ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಹೇಳಿಕೊಡುವ ಪಂಡಿತನೊಬ್ಬನು ಮೀನು ಹಿಡಿಯುವ ವಿಷಯವಾಗಿ ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ; ನನ್ನ ಮನೆಯವರೂ ನಕ್ಕರು. ಆದರೆ ನಿಮ್ಮ ಮಗನೋ ಅಳಿಯನೋ ಅಮೆರಿಕದಲ್ಲಿದ್ದು, ನೀವು ಅಲ್ಲಿಗೆ ಹೋದಾಗ ಒಂದು ಭಾನುವಾರ ನಿಮ್ಮ ಕೈಗೆ ಗಾಳದ ಕೋಲನ್ನು ಕೊಟ್ಟರೆ, ಈ ನಾಲ್ಕು ಮಾತು ಉಪಯೋಗಕ್ಕೆ ಬಂದೀತು.

ಬಾಸ್ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅದರಲ್ಲಿ ದೊಡ್ಡ ಬಾಯಿಯ ಜಾತಿಗೆ ಹೆಸರು ಹೆಚ್ಚು. 1932ರ ಜೂನ್ 2ರಂದು ಜಾರ್ಜಿಯ ಸಂಸ್ಥಾನದ ಜಾರ್ಜ್ ಪೆರ್ರಿ ಎಂಬಾತನು ಹಿಡಿದ ಮೀನು 22 ಪೌಂಡು 4 ಔನ್ಸು, ಅಂದರೆ ಸುಮಾರು 10 ಕಿಲೋ ತೂಗಿತು. 2009ರಲ್ಲಿ ಜಪಾನಿನ ಬಿವ ಸರೋವರದಲ್ಲಿ ಇನ್ನೊಂದು ಸಿಕ್ಕುವವರೆಗೆ, 77 ವರ್ಷ ಕಾಲ, ಅದಕ್ಕೆ ಸರಿಜೋಡಿ ಇರಲಿಲ್ಲ.

ನನ್ನ ತಮ್ಮನಿರುವುದು ಆ ಜಾರ್ಜಿಯದಲ್ಲೇ. ಕಳೆದ ವರ್ಷ ಏಪ್ರಿಲ್ ರಜೆಯಲ್ಲಿ ಅವನು ನನಗೊಂದು ಪರವಾನಗಿ ಚೀಟಿ ಕೊಡಿಸಿ ಲೇನಿಯರ್ ಸರೋವರಕ್ಕೆ ಕರೆದೊಯ್ದ. ನಮ್ಮ ಕನ್ನಂಬಾಡಿಯಂತೆ ಅದೂ ಅಣೆಕಟ್ಟಿನ ನೀರೇ. ಚಟ್ಟಹೂಚಿ ನದಿಯನ್ನು ತಡೆದು ನಿಲ್ಲಿಸಿದ್ದು. ನಾನು ಜೋರಾಗಿ ಕೋಲು ಬೀಸಿದೆ. ಎರೆ ನಾಲ್ಕು ಮಾರು ದೂರದಲ್ಲಿ ತೊಪ್ಪನೆ ಬಿದ್ದಿತು. ಕೈಯಲ್ಲಿದ್ದ ರಾಟೆಯೊಳಗೆ ದಾರವೆಲ್ಲ ಸಿಕ್ಕಾಗಿ ಕಾಗೆಯ ಗೂಡಿನಂತಾಯಿತು. ಅಲ್ಲಿಯವರೂ ಇದನ್ನು ಹಕ್ಕಿಗೂಡೆಂದೇ ಕರೆಯುತ್ತಾರಂತೆ.

ಏಕೆ ಹೀಗಾಗುತ್ತದೆ? ಗಾಳಿಪಟ ಹಾರಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಟ ಎಳೆಯುವಾಗ ದಾರದ ಉರುಳೆ ಗಿರ್ರನೆ ತಿರುಗುತ್ತದೆ. ಪಟ ಥಟ್ಟನೆ ನಿಂತರೂ ಉರುಳೆ ನಿಲ್ಲುವುದಿಲ್ಲ. ದಾರ ಸಡಿಲವಾಗಿ ಸುತ್ತಿಕೊಳ್ಳುತ್ತದೆ. ಗಾಳದಲ್ಲಿಯೂ ಅಷ್ಟೆ. ಎರೆ ಹಾರುತ್ತ ಹಾರುತ್ತ ವೇಗ ಕಳೆದುಕೊಳ್ಳುತ್ತದೆ, ಉರುಳೆ ಮಾತ್ರ ಮೊದಲಿನ ಭರದಲ್ಲೇ ತಿರುಗುತ್ತಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸಗಾರನು, ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದನು. ಈಗಿನ ರಾಟೆಗಳು ಅದರ ಮೊಮ್ಮಕ್ಕಳೇ. ಯಂತ್ರ ಎಷ್ಟು ಸುಧಾರಿಸಿದರೂ ಈ ಉರುಳೆಯ ಭರ ಮಾತ್ರ ಉಳಿದೇ ಇದೆ.

ಇನ್ನು ಉಪಾಯಗಳನ್ನು ಗಮನಿಸಿರಿ. ಮೊದಲನೆಯದು, ಹಿಡಿಕೆಯ ಪಕ್ಕದ ಸಣ್ಣ ತಿರುಪು. ಎರೆಯನ್ನು ಕಟ್ಟಿ, ಕೋಲಿನ ತುದಿಯಿಂದ ತೂಗಬಿಟ್ಟು, ಉರುಳೆಯನ್ನು ಸಡಿಲಿಸಿರಿ. ಎರೆ ನಿಧಾನವಾಗಿ ಇಳಿಯಬೇಕು. ಅದು ನೆಲ ಮುಟ್ಟಿದೊಡನೆ ಉರುಳೆಯೂ ನಿಲ್ಲಬೇಕು. ನಿಲ್ಲದಿದ್ದರೆ ತಿರುಪನ್ನು ಬಿಗಿಮಾಡಿರಿ. ಎರೆ ಇಳಿಯದೆಯೇ ಹೋದರೆ ಸಡಿಲಿಸಿರಿ. ಎರೆಯನ್ನು ಬದಲಾಯಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡತಕ್ಕದ್ದು. ಎರಡನೆಯದು, ಎದುರು ಪಕ್ಕದ ತಡೆ. ಕೆಲವದರಲ್ಲಿ ಅಯಸ್ಕಾಂತದ್ದು, ಕೆಲವದರಲ್ಲಿ ಸುತ್ತುವ ವೇಗಕ್ಕೆ ಹೊರಚಾಚಿ ಉಜ್ಜುವ ಸಣ್ಣ ತುಂಡುಗಳದು. ಹೊಸಬರು ಅದನ್ನು ಹೆಚ್ಚಾಗಿಯೇ ಇಟ್ಟುಕೊಂಡು, ಕೈ ಪಳಗಿದಂತೆ ಕಡಮೆ ಮಾಡಬೇಕು. ದಾರವನ್ನು ಉರುಳೆಯ ಅಂಚಿನವರೆಗೆ ತುಂಬಬಾರದು. ಎದುರುಗಾಳಿಗೆ ಎಸೆಯಬಾರದು. ತೀರ ಹಗುರವಾದ ಎರೆ ಕೂಡದು. ಕಲಿಯುವವನಿಗೆ ಅರ್ಧ ಔನ್ಸು ಒಳ್ಳೆಯದು.

ಇಷ್ಟಾದರೂ ಮುಖ್ಯವಾದ ತಡೆ ಯಂತ್ರದಲ್ಲಿಲ್ಲ, ನಿಮ್ಮ ಹೆಬ್ಬೆರಳಿನಲ್ಲಿದೆ. ಎರೆ ಹಾರುವಾಗ ಹೆಬ್ಬೆರಳು ದಾರವನ್ನು ಸೋಕಿಯೂ ಸೋಕದಂತಿರಬೇಕು. ಎರೆ ನೀರು ಮುಟ್ಟುವ ಕ್ಷಣಕ್ಕೆ ಮುಂಚೆ ಗಟ್ಟಿಯಾಗಿ ಒತ್ತಬೇಕು. ಅತಿಯಾಗಿ ಒತ್ತಿದರೆ ಎರೆ ಹಾರದು, ಬೆರಳನ್ನೇ ತೆಗೆದರೆ ಗೂಡು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ತಮ್ಮನ ಮನೆಯ ಹಿತ್ತಲಿನ ಹುಲ್ಲಿನ ಮೇಲೆ, ಕೊಕ್ಕೆಯಿಲ್ಲದ ತೂಕವನ್ನು ಕಟ್ಟಿಕೊಂಡು ನಾನು ನಾಲ್ಕು ದಿನ ಎಸೆದೆ.

ಗೂಡಾದರೆ ಏನು ಮಾಡಬೇಕು? ನಾನು ಮಾಡಿದುದನ್ನು ಮಾಡಬೇಡಿ. ನಾನು ಸಿಟ್ಟಿನಿಂದ ಜಗ್ಗಿದೆ. "ಅಣ್ಣಾ, ಎಳೆಯಬೇಡ, ಗಂಟು ಬೀಳುತ್ತೆ" ಎಂದು ತಮ್ಮ ಕೂಗುವುದರೊಳಗೆ ಗಂಟು ಬಿದ್ದಾಗಿತ್ತು. ಸರಿಯಾದ ಕ್ರಮ ಹೀಗೆ: ದಾರದ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿಕೊಂಡೇ ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿರಿ. ಎದ್ದುನಿಂತ ಸುರುಳಿಗಳು ಅದರಿಂದ ಅಡಗುತ್ತವೆ. ಆಮೇಲೆ ಉರುಳೆಯನ್ನು ಸಡಿಲಿಸಿ ದಾರವನ್ನು ಮೆಲ್ಲನೆ ಹೊರಗೆಳೆಯಿರಿ. ತಡೆದರೆ ನಿಲ್ಲಿಸಿ, ಮತ್ತೆ ಹಾಗೆಯೇ ಮಾಡಿರಿ.

ನಾನೋ, ಸಿಕ್ಕನ್ನು ಕತ್ತರಿಸಿ ದಡದ ಪೊದೆಗೆ ಎಸೆದುಬಿಟ್ಟೆ. ತಮ್ಮನ ಮಗಳು, ಹನ್ನೊಂದು ವರ್ಷದವಳು, ನೋಡುತ್ತಿದ್ದಳು. "ದೊಡ್ಡಪ್ಪ, ಅದು ಕೊಕ್ಕರೆ ಕಾಲಿಗೆ ಸುತ್ತಿಕೊಂಡರೆ?" ಎಂದಳು. ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನಿಗೆ ಉತ್ತರ ತೋರಲಿಲ್ಲ. ನೈಲಾನು ದಾರ ಬೇಗ ಕೊಳೆಯುವುದಿಲ್ಲ. ಹಕ್ಕಿ ಆಮೆಗಳಿಗೆ ಅದು ಉರುಲಾಗುತ್ತದೆ. ಇಬ್ಬರೂ ಮಂಡಿಯೂರಿ ಹುಡುಕಿದೆವು. ಸಿಕ್ಕುವ ಹೊತ್ತಿಗೆ ಕತ್ತಲಾಗಿತ್ತು.

ಕೊನೆಗೊಂದು ದಿನ ನನಗೂ ಒಂದು ಬಾಸ್ ಸಿಕ್ಕಿತು. ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ. ತಮ್ಮನು ಕೈ ಒದ್ದೆಮಾಡಿಕೊಂಡು ಕೊಕ್ಕೆ ಬಿಡಿಸಿ, ಒಂದು ನಿಮಿಷವೂ ತಡೆಯದೆ ಅದನ್ನು ಅಲ್ಲೇ ನೀರಿಗೆ ಬಿಟ್ಟ. ಈ ಜಾತಿಯಲ್ಲಿ ಮೊಟ್ಟೆಯನ್ನೂ ಮರಿಗಳನ್ನೂ ಕಾಯುವುದು ತಂದೆಯಂತೆ. ಅವನು ಕದಲಿದರೆ ಸಣ್ಣ ಮೀನುಗಳು ನುಗ್ಗಿ ಮೊಟ್ಟೆಗಳನ್ನು ತಿಂದುಬಿಡುತ್ತವೆ. ಆ ಕಾಲದಲ್ಲಿ ಗೂಡಿನ ಮೇಲಿರುವುದನ್ನು ಕೆಣಕದಿರುವುದೇ ಮೇಲೆಂದು ಆಮೇಲೆ ತಿಳಿಯಿತು.

ಈ ವಿದ್ಯೆಯನ್ನು ಗಟ್ಟಿಯಾಗಿ ಕಲಿಯಬೇಕೆನ್ನುವವರು ಬೆಲೆಬಾಳುವ ರಾಟೆಯನ್ನು ಕೊಳ್ಳುವ ಮೊದಲು ಹೆಬ್ಬೆರಳನ್ನು ಪಳಗಿಸಲಿ. ಜೇಬಿನಲ್ಲಿ ಕತ್ತರಿಸಿದ ದಾರಕ್ಕೆಂದು ಒಂದು ಚೀಲವನ್ನಿಟ್ಟುಕೊಳ್ಳಲಿ. ಅಂದು ಪೊದೆಯಲ್ಲಿ ಹುಡುಕಿ ತೆಗೆದ ಆ ಸಿಕ್ಕು ಈಗ ನನ್ನ ಮೇಜಿನ ಖಾನೆಯಲ್ಲಿದೆ. ಬಿಡಿಸಲು ಇನ್ನೂ ಆಗಿಲ್ಲ.